ಮೂಳೆ ವಿಭಾಗಕ್ಕೆ ಹೊರಟ ತಂಗಿಗೆ

ಹಾಸನದ ವೈದ್ಯಕೀಯ ಕಾಲೇಜಿನಲ್ಲಿ ಓದುತ್ತಿರುವ ನೀನು ಬೇಸಿಗೆಯ ಎರಡು ತಿಂಗಳು ಅಮೆರಿಕದ ಮೂಳೆ ಶಸ್ತ್ರಚಿಕಿತ್ಸಾ ವಿಭಾಗಕ್ಕೆ ಬರುತ್ತಿರುವುದು ತಿಳಿದು ಸಂತೋಷವಾಯಿತು. ನೀನು ಕೇಳಿರುವುದು ಮೂರು: ಆಪರೇಷನ್‌ಗೆ ಕೈಹಾಕಲು ಬಿಡುತ್ತಾರೆಯೇ, ಪ್ರಯೋಗಾಲಯದಲ್ಲಿ ಕೂತರೆ ಕಾಲಹರಣವಲ್ಲವೇ, ಊಟಕ್ಕೇನು ಗತಿ. ಕೊನೆಯದನ್ನು ಮೊದಲು ಮುಗಿಸುತ್ತೇನೆ. ಭಾರತೀಯ ಅಂಗಡಿಗಳಲ್ಲಿ ಸೋನಾ ಮಸೂರಿ, ತೊಗರಿಬೇಳೆ, ಫ್ರೀಜರ್‌ನಲ್ಲಿಟ್ಟ ಅವರೆಕಾಳು ಎಲ್ಲವೂ ಸಿಗುತ್ತವೆ. ಅನ್ನ, ಸಾರು ಮಾಡಲು ಕಲಿತು ಬಾ.

ಕೈಹಾಕಲು ಬಿಡುವುದಿಲ್ಲ. ವೀಕ್ಷಕಿಯಾಗಿ ಬಂದವಳು ಸಾಮಾನ್ಯವಾಗಿ ರೋಗಿಯನ್ನು ಮುಟ್ಟುವಂತಿಲ್ಲ. ಪ್ಲಾಸ್ಟರ್ ಹಾಕಲು ಸೀನಿಯರ್‌ಗಳಿಗೆ ನೆರವಾಗಿ ಅಭ್ಯಾಸವಿದ್ದರೆ ಮೊದಲ ವಾರ ಪೆಚ್ಚೆನಿಸುತ್ತದೆ. ಆಪರೇಷನ್ ಕೋಣೆಯಲ್ಲಿ ಎಲ್ಲಿ ನಿಲ್ಲಬೇಕೆಂದು ನರ್ಸ್ ಅವರನ್ನು ಕೇಳು, ಸರ್ಜನ್ನರನ್ನಲ್ಲ. ಆ ಕೋಣೆಯ ಯಜಮಾನಿಕೆ ನರ್ಸ್‌ಗಳದೇ. ಕ್ರಿಮಿರಹಿತವಾಗಿಡಲು ನೀಲಿ ಬಟ್ಟೆ ಹೊದಿಸಿದ ಯಾವುದರ ಹತ್ತಿರವೂ ಸುಳಿಯಬೇಡ. ಆಪರೇಷನ್ ನಡೆಯುವಾಗಲೇ ಮೂಳೆ ತೋರಿಸುವ ಸಿ-ಆರ್ಮ್ ಎಕ್ಸ್‌ರೇ ಯಂತ್ರ ಬಳಸುವ ದಿನ ಸೀಸದ ಏಪ್ರನ್ ಜೊತೆಗೆ ಕುತ್ತಿಗೆಯ ಕವಚವನ್ನೂ ಕೇಳಿ ಪಡೆ.

ಮಂಡಿ ಕೀಲು ಬದಲಿಸುವಾಗ, ಕೃತಕ ಕೀಲನ್ನು ಮೂಳೆಗೆ ಕೂರಿಸುವ ಸಿಮೆಂಟ್ ಕಲಸುವುದನ್ನು ತಪ್ಪದೆ ನೋಡು. ಮೂಗಿಗೆ ಕಟುವಾಸನೆ ಅಡರುತ್ತದೆ. ಮೊದಮೊದಲು ಕೈಗವಸಿಗೆ ಮೆತ್ತಿಕೊಳ್ಳುವ ಹಿಟ್ಟು ಅಂಟುವುದನ್ನು ಬಿಟ್ಟ ಮೇಲೆ ಅದನ್ನು ಮೂಳೆಗೆ ಒತ್ತುತ್ತಾರೆ. ಅದು ಬಿಸಿಯೇರಿ ಗಟ್ಟಿಯಾಗುವವರೆಗೆ, ಕಲಸಿದಾಗಿನಿಂದ ಸುಮಾರು 10–15 ನಿಮಿಷ ಹಿಡಿಯುತ್ತದೆ. ಕೊನೆಯ ಹೊತ್ತಿನಲ್ಲಿ ಕಾಲನ್ನು ಕದಲಿಸುವಂತಿಲ್ಲ, ಎಲ್ಲರೂ ಕಾಯಲೇಬೇಕು. ನಿನ್ನ ಪ್ರಶ್ನೆಯನ್ನು ಆಗ ಕೇಳು.

ಫೋನ್ ಲಾಕರಿನಲ್ಲಿರಲಿ. ರೋಗಿಯ ಗೋಪ್ಯತೆಗೆ ಇಲ್ಲಿ 1996ರ ಹಿಪಾ ಕಾಯ್ದೆಯಿದೆ. ಎಕ್ಸ್‌ರೇ ಚಿತ್ರವೊಂದನ್ನು ಗೆಳತಿಯರ ವಾಟ್ಸಾಪ್ ಗುಂಪಿಗೆ ಹಾಕಿದರೂ ಗಂಟುಮೂಟೆ ಕಟ್ಟಬೇಕಾದೀತು.

ಇನ್ನು ಪ್ರಯೋಗಾಲಯ. ಆಪರೇಷನ್ ಥಿಯೇಟರಿನಲ್ಲಿ ನೀನು ಪ್ರೇಕ್ಷಕಿ, ಇಲ್ಲಿ ಕೆಲಸ ಮಾಡುವವಳು. ನನ್ನನ್ನು ಕೇಳಿದರೆ ನಿನ್ನ ಬೇಸಿಗೆಯ ತಿರುಳು ಇಲ್ಲಿಯೇ ಇದೆ. ಇಲಿಯ ಮೂಳೆಯನ್ನು ಸೂಕ್ಷ್ಮದರ್ಶಕದಡಿ ನೋಡಬೇಕಾದರೆ ಮೊದಲು ಅದರ ಸುಣ್ಣದಂಶ ತೆಗೆಯಬೇಕು. ಇಡಿಟಿಎ ದ್ರಾವಣದಲ್ಲಿ ಅದ್ದಿಟ್ಟು, ಆಗಾಗ ದ್ರಾವಣ ಬದಲಿಸುತ್ತಾ ಎರಡು ವಾರದ ಮೇಲೂ ಕಾಯುವುದುಂಟು. ಆಮೇಲೆ ಅದನ್ನು ಮೇಣದಲ್ಲಿ ಹುದುಗಿಸಿ ತೆಳುವಾಗಿ ಕತ್ತರಿಸುತ್ತಾರೆ. ಆತುರಪಟ್ಟು ಕತ್ತರಿಸಿದರೆ ಅಂಗಾಂಶ ಹರಿದು ಚಿಂದಿಯಾಗುತ್ತದೆ. ಸರಿಯಾಗಿ ಬಂದ, 5 ಮೈಕ್ರಾನ್ ದಪ್ಪದ ಮೇಣದ ಪದರವನ್ನು ಬೆಚ್ಚನೆಯ ನೀರಿನ ಮೇಲೆ ತೇಲಿಬಿಟ್ಟು, ಸುಕ್ಕು ಬಿಡಿಸಿ, ಗಾಜಿನ ಸ್ಲೈಡಿಗೆ ಎತ್ತಿಕೊಳ್ಳಬೇಕು. ಲೆಕ್ಕ ಹಾಕು: ಎರಡು ತಿಂಗಳಲ್ಲಿ ಇಂಥ ಕೆಲಸ ಎಷ್ಟು ಸಲ ಮಾಡಲಾದೀತು? ಹಾಗಾಗಿ ದೊಡ್ಡ ಯೋಜನೆಯ ಬಾಲ ಹಿಡಿಯಬೇಡ. ಆಗಲೇ ತಯಾರಾಗಿರುವ ಸ್ಲೈಡುಗಳನ್ನು ಅಳೆಯುವಂಥ ಚಿಕ್ಕ, ನಿನ್ನದೇ ಎನ್ನಬಹುದಾದ ಕೆಲಸವೊಂದನ್ನು ಮೊದಲ ದಿನವೇ ಬಾಯಿಬಿಟ್ಟು ಕೇಳು. ನಮ್ಮ ಕಡೆಯವರ ಸಂಕೋಚ ಇಲ್ಲಿ ವಿನಯವೆನಿಸುವುದಿಲ್ಲ, ಆಸಕ್ತಿಯಿಲ್ಲ ಎನಿಸುತ್ತದೆ. ಶಿಫಾರಸು ಪತ್ರ ಬರೆಯುವವರೂ ನಿನ್ನ ಕೆಲಸ ಕಂಡವರೇ.

ಬೆಳಗಿನ ಕೇಸ್ ಚರ್ಚೆಯಲ್ಲಿ ಮಾತ್ರ ನಿನ್ನ ಬಳಿ ಅವರಿಗಿಲ್ಲದ ಸರಕು ಇದೆ. ಸಕಲೇಶಪುರದ ತೋಟಗಳಲ್ಲಿ ಮೆಣಸು ಕೊಯ್ಯಲು ಏಣಿ ಹತ್ತಿ ಬಿದ್ದವರು, ನಾಟಿ ವೈದ್ಯರಲ್ಲಿ ಬಿದಿರಿನ ದಬ್ಬೆ ಬಿಗಿದು ಕಟ್ಟಿಸಿಕೊಂಡು ರಕ್ತಸಂಚಾರ ನಿಂತು ಬೆರಳು ಕಪ್ಪಾದ ಮೇಲೆ ಆಸ್ಪತ್ರೆಗೆ ಬಂದವರು: ಇಂಥದ್ದನ್ನು ಇಲ್ಲಿನ ಅನೇಕ ಕಿರಿಯ ವೈದ್ಯರು ಪುಸ್ತಕದಲ್ಲಷ್ಟೇ ಓದಿರುತ್ತಾರೆ. ಹೆಸರು, ಗುರುತು ಬಿಟ್ಟು ಹೇಳಲು ಸಿದ್ಧವಾಗಿ ಬಾ.

ಕಾಗದಪತ್ರಕ್ಕೆ ಈಗಲೇ ಓಡಾಡು. ಯಾವ ವಿಸಾ ಬೇಕೆಂಬುದನ್ನು ನಿನ್ನನ್ನು ಕರೆದ ಸಂಸ್ಥೆಯಿಂದಲೇ ಬರಹದಲ್ಲಿ ತರಿಸಿಕೋ, ಏಜೆಂಟರ ಮಾತು ಬೇಡ. ಕ್ಷಯದ ಪರೀಕ್ಷೆ ಕೇಳುತ್ತಾರೆ. ಕ್ಷಯದ ಲಸಿಕೆಯಾದ ಬಿಸಿಜಿ ಹಾಕಿಸಿಕೊಂಡ ನಮಗೆ ಚರ್ಮದ ಪರೀಕ್ಷೆಯಲ್ಲಿ ಸುಳ್ಳು ಪಾಸಿಟಿವ್ ಬರಬಹುದು. ಬದಲಿಗೆ ಇಗ್ರಾ ರಕ್ತಪರೀಕ್ಷೆ ಒಪ್ಪುತ್ತಾರೆಯೇ ಎಂದು ಮೊದಲೇ ವಿಚಾರಿಸು. ಹೆಪಟೈಟಿಸ್ ಬಿ ಲಸಿಕೆಯ ದಾಖಲೆಯನ್ನೂ ಹುಡುಕಿಡು. ನಿನ್ನ ಪ್ರಯೋಗಾಲಯ ಯಾವ ವಿಷಯದ್ದೆಂದು ಗೊತ್ತಾದ ಕೂಡಲೇ ಬರೆ, ಏನು ಓದಿಕೊಂಡು ಬರಬೇಕೆಂದು ಹೇಳುತ್ತೇನೆ.