‘ದಿ ಟೆಕ್ಸಾಸ್ ಚೈನ್ ಸಾ ಮ್ಯಾಸಕರ್’ ಸಿನಿಮಾಗೆ ಜನ ಅಷ್ಟೊಂದು ಹೆದರುವುದು ಯಾಕೆ? ಅದು ನಿಜವಾಗಿ ನಡೆದದ್ದಾ?

1974ರ ಮೂಲ ಸಿನಿಮಾದ ಬಗ್ಗೆ ಹೇಳುತ್ತೇನೆ, ಟೋಬಿ ಹೂಪರ್ ನಿರ್ದೇಶಿಸಿದ್ದು. ನಾನು ಮೂರು ಸಲ ನೋಡಿದ್ದೇನೆ. ಮೊದಲ ಸಲ ಗರಗಸ ಹಿಡಿದವನನ್ನು ಕಂಡು ಹೆದರಿದೆ. ಆಮೇಲೆ ಆ ಮನೆಯೇ ಕಾಡತೊಡಗಿತು.

ಕಥೆ ದೊಡ್ಡದಲ್ಲ. ವ್ಯಾನಿನಲ್ಲಿ ಬಂದ ಐದು ಜನ ಯುವಕ ಯುವತಿಯರು ಟೆಕ್ಸಾಸ್‌ನ ಹಳ್ಳಿಗಾಡಿನಲ್ಲಿ ಒಂದು ಮನೆಯವರ ಕೈಗೆ ಸಿಕ್ಕಿಬೀಳುತ್ತಾರೆ. ಹೆಸರು ಕೇಳಿದರೆ ರಕ್ತದ ಹೊಳೆ ಅನ್ನಿಸುತ್ತದೆ ಅಲ್ವಾ? ತೆರೆಯ ಮೇಲೆ ರಕ್ತ ತುಂಬಾ ಕಡಿಮೆ.

ಆ ಮನೆಯವರು ಕಸಾಯಿಖಾನೆಯಲ್ಲಿ ದುಡಿದವರು. ಹೊಸ ಯಂತ್ರ ಬಂದು ಆ ಕೆಲಸ ಹೋಗಿದೆ. ಮನೆಯಲ್ಲಿ ಬದುಕಿರುವ ಹೆಂಗಸು ಒಬ್ಬಳೂ ಇಲ್ಲ, ಅಜ್ಜಿ ಮಹಡಿಯ ಮೇಲೆ ಒಣಗಿದ ಹೆಣ. ಆ ಮನೆಯವನೇ ಆದ, ಗರಗಸ ಹಿಡಿದು ಮನುಷ್ಯರ ಚರ್ಮದ ಮುಖವಾಡ ತೊಡುವ ಲೆದರ್‌ಫೇಸ್ ಅಡುಗೆ ಹೊತ್ತಿಗೆ ಮುದುಕಿಯ ಮುಖ ಹಾಕಿಕೊಳ್ಳುತ್ತಾನೆ, ಊಟಕ್ಕೆ ಕೂರುವಾಗ ಬಣ್ಣ ಬಳಿದ ಹೆಂಗಸಿನ ಮುಖ. ಮನೆಯಲ್ಲಿ ಇಲ್ಲದ ಹೆಂಗಸಿನ ಜಾಗ ಅವನೇ ತುಂಬುತ್ತಿದ್ದಾನೆ ಅಂತ ನನಗನ್ನಿಸುತ್ತದೆ. ಮೂರನೆಯವನನ್ನು ಕೊಂದ ಮೇಲೆ ಕಿಟಕಿ ಪಕ್ಕ ಕೂತು ತಲೆ ಹಿಡಿದುಕೊಳ್ಳುತ್ತಾನೆ. ಯಾರ್ಯಾರೋ ಯಾಕೆ ಮನೆಗೆ ನುಗ್ಗುತ್ತಿದ್ದಾರೆ ಅಂತ ಅವನಿಗೇ ಭಯ! ಮನೆಯ ಹಿರಿಯವನು ಬಂದು ಬಯ್ಯುವುದು ಬಾಗಿಲು ಹಾಳು ಮಾಡಿದ್ದಕ್ಕೆ. ಅದೇ ಹಿರಿಯವನು ಆ ಐವರಲ್ಲಿ ಒಬ್ಬಳಾದ ಸ್ಯಾಲಿ ಎಂಬ ಹುಡುಗಿಯನ್ನು ಕಟ್ಟಿ ಗಾಡಿಗೆ ಹಾಕಿಕೊಂಡ ಮೇಲೂ ವಾಪಸ್ ಹೋಗಿ ತನ್ನ ಅಂಗಡಿಯ ದೀಪ ಆರಿಸಿ ಬರುತ್ತಾನೆ. ಕರೆಂಟ್ ಖರ್ಚಿನ ಚಿಂತೆ. ಇಂಥ ಮಾತುಗಳನ್ನು ನಾವು ಎಲ್ಲ ಮನೆಗಳಲ್ಲೂ ಕೇಳಿದ್ದೇವೆ, ಅದಕ್ಕೇ ಮೈ ಜುಮ್ಮೆನ್ನುತ್ತದೆ.

ಊಟದ ದೃಶ್ಯವನ್ನು ಸುಡುವ ಸೆಕೆಯಲ್ಲಿ, ಕಿಟಕಿ ಮುಚ್ಚಿದ ಕೋಣೆಯಲ್ಲಿ, ಕೊಳೆತ ಮಾಂಸದ ನಾತದ ನಡುವೆ 24 ಗಂಟೆಗೂ ಹೆಚ್ಚು ಹೊತ್ತು ಒಂದೇ ಸಮನೆ ಚಿತ್ರೀಕರಿಸಿದರು. ಸ್ಯಾಲಿ ಪಾತ್ರದ ಮ್ಯಾರಿಲಿನ್ ಬರ್ನ್ಸ್ ಅವರ ಬೆರಳನ್ನು ಅಲ್ಲಿ ನಿಜವಾಗಿಯೇ ಕೊಯ್ದಿದ್ದರು. ಆ ಸುಸ್ತು, ಆ ಹುಚ್ಚು ಸುಮ್ನೆ ನಟಿಸಿದ್ದಲ್ಲ ಅಂತ ನೋಡಿದರೇ ತಿಳಿಯುತ್ತದೆ.

ಇನ್ನು ‘ನಿಜ ಘಟನೆ’ ಅನ್ನುವುದು. ಸಿನಿಮಾ ಶುರುವಿನಲ್ಲಿ ಹಾಗೆ ಹೇಳುತ್ತಾರೆ, ಆದರೆ ಕಥೆ ಕಟ್ಟಿದ್ದು. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ 1957ರಲ್ಲಿ ಸಿಕ್ಕಿಬಿದ್ದ ಎಡ್ ಗೀನ್ ಎಂಬ ಕೊಲೆಗಾರ ಮನುಷ್ಯರ ಚರ್ಮದಿಂದ ಮುಖವಾಡ ಮಾಡಿದ್ದ. ಅದನ್ನು ಇಲ್ಲಿ ಬಳಸಿಕೊಂಡಿದ್ದಾರೆ. ಅವನು ಒಬ್ಬಂಟಿ, ಇಂಥ ಕುಟುಂಬ ಅವನಿಗಿರಲಿಲ್ಲ.

ನೋಡುವುದಾದರೆ ಮೂಲವನ್ನೇ ನೋಡಿ, ಒಂದೂವರೆ ಗಂಟೆಯೂ ಇಲ್ಲ. ಆದರೆ ಮನೆಯೊಳಗಿನ ಜಗಳ, ಬೈಗುಳದ ನಡುವೆ ಬೆಳೆದವರಿಗೆ ಆ ಊಟದ ದೃಶ್ಯ ಜಾಸ್ತಿ ಹಿಂಸೆಯಾಗಬಹುದು. ಎರಡನೇ ಸಲ ನಾನು ಅಲ್ಲಿಗೇ ನಿಲ್ಲಿಸಿ ಎದ್ದುಬಿಟ್ಟಿದ್ದೆ.