ದೇವರಾಜ ಅರಸು ನಿಜಕ್ಕೂ ದೊಡ್ಡ ನಾಯಕರಾ?

"ಅರಸು ಮೇಲೆ ಅಷ್ಟು ಭ್ರಷ್ಟಾಚಾರದ ಆರೋಪ ಇತ್ತು, ಕೊನೆಗೆ ಸ್ವಂತ ಶಾಸಕರೇ ಕೈಬಿಟ್ರು, ಆದ್ರೂ ಯಾಕೆ ಇಷ್ಟು ಹೊಗಳ್ತಾರೆ?" ಅಂತ ಕೇಳಿದ್ದೀರ. ನಾನೂ ಹೊಗಳೋನೇ, ಆದ್ರೆ ಅವರ ತಪ್ಪುಗಳನ್ನ ಮುಚ್ಚಿಟ್ಟು ಅಲ್ಲ.

ಭೂಸುಧಾರಣೆ ಕಾನೂನು 1961ರಲ್ಲೇ ಇತ್ತು, ಬಹಳ ಮಟ್ಟಿಗೆ ಕಾಗದದ ಮೇಲೆ. 1974ರಲ್ಲಿ ಅರಸು ತಿದ್ದುಪಡಿ ತಂದು ತಾಲೂಕುಗಳಲ್ಲಿ ಭೂನ್ಯಾಯಮಂಡಳಿ ಕೂರಿಸಿದ್ರು, ಗೇಣಿದಾರ ಫಾರಂ 7 ತುಂಬಿ ಡಿಕ್ಲರೇಷನ್ ಕೊಡಬೇಕು, ಮಂಡಳಿ ಮುಂದೆ ವಕೀಲರು ಬಂದು ವಾದ ಮಾಡೋ ಹಾಗೇ ಇರ್ಲಿಲ್ಲ. ಇದು ಸಣ್ಣ ವಿಷಯ ಅನ್ಸಬಹುದು ನಿಮಗೆ, ಆದ್ರೆ ಯೋಚನೆ ಮಾಡಿ, ಧಣಿ ಎದುರು ಸೊಂಟ ಬಗ್ಗಿಸಿಯೇ ಮಾತಾಡಿ ಅಭ್ಯಾಸ ಇದ್ದ ಚಾಲಗೇಣಿ (ಧಣಿ ಬೇಕಂದಾಗ ಬಿಡಿಸಬಹುದಾದ ಗೇಣಿ) ಒಕ್ಕಲು ಅದೇ ಧಣಿ ಪಕ್ಕ ನಿಂತು "ಈ ಗದ್ದೆ ಉಳ್ತಿರೋದು ನಾನು" ಅಂತ ತಾನೇ ಬಾಯಿಬಿಟ್ಟು ಹೇಳ್ಬೇಕು, ದುಡ್ಡಿದ್ದೋರು ದೊಡ್ಡ ಲಾಯರ್ ಇಟ್ಟು ಬಾಯಿ ಮುಚ್ಚಿಸೋಕೆ ಆಗಲ್ಲ. ಕರಾವಳಿ, ಮಲೆನಾಡಲ್ಲಿ ಎಷ್ಟೋ ಮನೆಗಳ ಪಹಣಿಯಲ್ಲಿ ಹೆಸರು ಬದಲಾಗಿದ್ದು ಹೀಗೆ. ಹಾವನೂರು ಆಯೋಗ ಮಾಡಿಸಿ ಹಿಂದುಳಿದವರ ಮೀಸಲಾತಿಗೆ ತಳಪಾಯ ಹಾಕಿದ್ದೂ ಅವರ ಸರ್ಕಾರನೇ.

ಆದ್ರೆ ತುರ್ತು ಪರಿಸ್ಥಿತಿ ಟೈಮಲ್ಲಿ ಇಲ್ಲಿ ಮುಖ್ಯಮಂತ್ರಿ ಆಗಿದ್ದೂ ಅವರೇ ಅಲ್ವಾ. ನಟಿ ಸ್ನೇಹಲತಾ ರೆಡ್ಡಿ ಆಸ್ತಮಾ ಇಟ್ಕೊಂಡು ಬೆಂಗಳೂರು ಜೈಲಲ್ಲಿ ನರಳಿ, ಬಿಡುಗಡೆ ಆದ ಕೆಲವೇ ದಿನಕ್ಕೆ 1977ರ ಜನವರಿಯಲ್ಲಿ ತೀರಿಕೊಂಡ್ರು. ದೆಹಲಿ ಆದೇಶ ಅಂತ ಹೇಳಿ ಇದನ್ನ ತಳ್ಳಿಹಾಕೋಕೆ ನನಗೆ ಮನಸ್ಸು ಬರಲ್ಲ. ಭ್ರಷ್ಟಾಚಾರದ ವಿಚಾರಕ್ಕೆ ಬಂದ್ರೆ, ಅರಸು ಮೇಲಿನ ಆರೋಪಗಳ ತನಿಖೆಗೆ ಕೇಂದ್ರ ಗ್ರೋವರ್ ಆಯೋಗ ನೇಮಿಸಿದಾಗ ಅದನ್ನ ಪ್ರಶ್ನಿಸಿ ರಾಜ್ಯ ಸರ್ಕಾರ ಸುಪ್ರೀಂ ಕೋರ್ಟ್ ತನಕ ಹೋಗಿ ಸೋತಿತು.

ಇನ್ನು ಪಕ್ಷದ ಜಗಳ. 1969ರಲ್ಲಿ ಕಾಂಗ್ರೆಸ್ ಒಡೆದಾಗ ನಿಜಲಿಂಗಪ್ಪ, ವೀರೇಂದ್ರ ಪಾಟೀಲರು ಒಂದು ಕಡೆ, ಅರಸು ಇಂದಿರಾ ಕಡೆ. 1978ರಲ್ಲಿ ಚಿಕ್ಕಮಗಳೂರಲ್ಲಿ ಇಂದಿರಾ ಗಾಂಧಿ ಗೆದ್ದು ಮತ್ತೆ ಲೋಕಸಭೆಗೆ ಹೋಗೋಕೆ ಬೆನ್ನೆಲುಬಾಗಿ ನಿಂತಿದ್ದೂ ಇವರೇ. ಮುಂದಿನ ವರ್ಷವೇ ಮುಖ್ಯಮಂತ್ರಿಗಿರಿ ಜೊತೆ ರಾಜ್ಯದ ಪಕ್ಷದ ಅಧ್ಯಕ್ಷಗಿರಿನೂ ಇಟ್ಕೊಳ್ಳೋ ವಿಷಯಕ್ಕೆ ಜಗಳ ಹತ್ತಿ ಉಚ್ಚಾಟನೆ ಆಯ್ತು. ಇಂದಿರಾ ಕೃತಘ್ನರು ಅಂತ ಸುಮಾರು ಜನ ಬರೀತಾರೆ, ನಾನು ಒಪ್ಪಲ್ಲ, ಎಲ್ಲಾ ಅಧಿಕಾರ ಒಬ್ಬರ ಕೈಗೆ ಸೇರೋ ಪಕ್ಷ ಕಟ್ಟೋದಕ್ಕೆ ಹತ್ತು ವರ್ಷ ಹೆಗಲು ಕೊಟ್ಟವರಲ್ಲಿ ಅರಸು ಮುಂಚೂಣಿಯಲ್ಲಿದ್ರು, ಮತ್ತೆ ರಾಜ್ಯದಲ್ಲಿ ಅವರೂ ನಡೆಸಿದ್ದು ಅದೇ ರೀತಿ, ಸ್ಥಾನಮಾನ ಕೊಟ್ಟು ಜನರನ್ನ ಹತ್ತಿರ ಇಟ್ಕೊಳ್ಳೋದು. ಜಮೀನು ಸಿಕ್ಕಿದವರನ್ನ ಒಂದು ಸಂಘಟನೆಯಾಗಿ ಕಟ್ಟಲಿಲ್ಲ, ಅದೇ ನನ್ನ ಪ್ರಕಾರ ದೊಡ್ಡ ತಪ್ಪು. ಹಾಗಾಗಿ 1980ರ ಜನವರಿಯಲ್ಲಿ ಇಂದಿರಾ ಪಕ್ಷ ಇಲ್ಲಿ ಲೋಕಸಭೆಯ 28ರಲ್ಲಿ 27 ಸೀಟು ಗೆದ್ದ ಕೂಡಲೇ ಶಾಸಕರು ಗುಂಪುಗುಂಪಾಗಿ ಇಂದಿರಾ ಪಕ್ಷದ ಗುಂಡೂರಾವ್ ಕಡೆ ಹೋದ್ರು, ಅರಸು ರಾಜೀನಾಮೆ ಕೊಟ್ರು. ಅವರು ಕೊಡಿಸಿದ ಜಮೀನನ್ನ ಮಾತ್ರ ಆಮೇಲೆ ಬಂದ ಯಾವ ಸರ್ಕಾರಕ್ಕೂ ಗೇಣಿದಾರರಿಂದ ವಾಪಸ್ ಕಿತ್ಕೊಳ್ಳೋ ಧೈರ್ಯ ಬರಲಿಲ್ಲ.