ಕ್ಯಾಟ್ 8 ಲ್ಯಾನ್ ಕೇಬಲ್ ಹಾಕಿದ್ರ ಹಾಡು ಛಲೋ ಕೇಳತೈತೇನು?

ಸ್ಟ್ರೀಮರಿಗೆ (ನೆಟ್‌ವರ್ಕಿನಿಂದ ಹಾಡು ತಂದು ನುಡಸೋ ಡಬ್ಬಿ) ಕ್ಯಾಟ್ 8, ಅಂದ್ರ ಭಾರೀ ವೇಗದ ಲ್ಯಾನ್ ಕೇಬಲ್, ತರ್ಲೇನು, ಈಗ ಫೋನಿನಿಂದ ಬ್ಲೂಟೂತ್ ಮ್ಯಾಲೆ ಹಾಡು ಕಳಸ್ತೀನಿ ಅಂತ ಬರದೀರಿ. ಬ್ಯಾಡ್ರಿ. ಆರ್ಡರ್ ಮಾಡಿದ್ರ ಮೊದಲ ಕ್ಯಾನ್ಸಲ್ ಮಾಡ್ರಿ, ಆಮ್ಯಾಲೆ ಉಳದದ್ದು ಓದ್ರಿ. ವೈಫೈ ಬಿಟ್ಟು ದಪ್ಪನ ಶೀಲ್ಡ್ (ವೈರಿನ ಸುತ್ತ ಲೋಹದ ಹೊದಿಕಿ) ಇರೋ ಕೇಬಲ್ ಎಳದ್ರ ಸ್ಟ್ರೀಮರ್ ಸೌಂಡ್ ತೆರಕೋತೈತಿ ಅಂತ ನಿಮಗ ಯಾರೋ ಹೇಳ್ಯಾರ ಅಂದ್ರೆಲ್ಲ, ನಾಲ್ಕು ವರ್ಷದ ಹಿಂದ ನನಗೂ ಅಂವನ ಹೇಳಿದ್ನೋ ಏನೋ, ಮಾತಂತೂ ಅದ ಇತ್ತು.

ನಮ್ಮನಿ ಧಾರವಾಡ ಮಾಳಮಡ್ಡಿ. ಕೆಳಗಿಂದು ಹಳೇ ಮನಿ, ಮ್ಯಾಲಿಂದು ಬಾಡಗಿ ಕೊಡೂಣು ಅಂತ ಹಿಂದಾಗಡೆ ಕಟ್ಟಿಸಿದ್ದು, ಹಿಂಗಾಗಿ ಅದಕ್ಕ ಮೀಟರ್ ಬ್ಯಾರೆ, ಅರ್ಥಿಂಗ್ ಗುಂಡಿ ಸುದ್ದಾ ಬ್ಯಾರೆ. ಈ ಗುಂಡಿ ಮಾತು ನೆನಪಿಟ್ಕೋರಿ, ನಾ ಇಟ್ಕೊಂಡಿರಲಿಲ್ಲ. ಕೆಳಗ ರೂಟರು ಮತ್ತ ಒಂದು ಹಳೇ ಕಂಪ್ಯೂಟರ್, ಹಾಡಿನ ಫೈಲೆಲ್ಲಾ ಅದರಾಗ. ಮ್ಯಾಲೆ ಸ್ಟ್ರೀಮರ್, ಆಂಪ್ಲಿಫೈಯರ್, ಸ್ಪೀಕರ್. ವೈಫೈ ಮ್ಯಾಲೆ ನಡೀತಿತ್ತು, ಛಲೋನ ನಡೀತಿತ್ತು, ಆದ್ರ ಕೈಯಾಗ ಬೋನಸ್ ರೊಕ್ಕ ಇತ್ತು ನೋಡ್ರಿ. ಶೀಲ್ಡ್ ಇರೋ ಎರಡು ಕೇಬಲ್, ನಡಕ ತಗಡಿನ ಡಬ್ಬಿದೊಂದು ನೆಟ್‌ವರ್ಕ್ ಸ್ವಿಚ್ (ಲ್ಯಾನ್ ಕೇಬಲ್ ಒಂದಕ್ಕೊಂದು ಕೂಡಸೂದು), ಎಲ್ಲಾ ಸೇರಿ 7,400 ರೂಪಾಯಿ. ಕಂಪ್ಯೂಟರಿನಿಂದ ಸ್ವಿಚ್ಚಿಗೆ, ಸ್ವಿಚ್ಚಿನಿಂದ ಕಿಡಕ್ಯಾಗ ಹಾಯಿಸಿ ಪಾವಟಗಿ ಗುಂಟ ಮ್ಯಾಲಕ್ಕ.

ಮೊದಲನೇ ದಿನ ಖರೇನ ಫರಕ್ ಅನಿಸ್ತು. ರೊಕ್ಕ ಕೊಟ್ಟಾಂವಗ ಅನಿಸೇ ಅನಿಸ್ತೈತಿ. ನಾಲ್ಕೈದು ದಿನ ಬಿಟ್ಟು ರಾತ್ರಿ ಹನ್ನೊಂದರ ಸುಮಾರ ಮಲ್ಲಿಕಾರ್ಜುನ ಮನ್ಸೂರರದು ಹಚ್ಚಿದೆ. ಅವ್ರು ಬಾಯಿ ತೆಗಿಯೋಕಿಂತ ಮುಂಚೆ ಬರೇ ತಂಬೂರಿ ಇರ್ತೈತಲ್ಲ, ಆ ತಂಬೂರಿ ಹಿಂದ ಇನ್ನೊಂದು ತಂಬೂರಿ, ಶ್ರುತಿ ಕೂಡಲಾರದ್ದು, ಗುಂಯ್ ಅಂತ. ಹಾಡು ಬಂದ್ ಮಾಡಿದ್ರೂ ಗುಂಯ್. ಒಮ್ಮೆ ಕಿವಿಗೆ ಬಿತ್ತು ಅಂದ್ರ ಮುಗೀತು, ಮುಂದ ರಾಗ ಕೇಳೂದಿಲ್ಲ, ಅದನ್ನ ಕೇಳ್ಕೋಂತ ಕುಂಡ್ರೂದು.

ನನ್ನ ತಪ್ಪು ಎಲ್ಲಿ ಆತು ಅಂದ್ರ, ನಾ ಕೇಬಲ್ ಮ್ಯಾಲೆ ಸಂಶೇನ ಪಡಲಿಲ್ಲ. ಸೌಂಡ್ ಸುಧಾರಿಸ್ಲಿ ಅಂತ ತಂದದ್ದು ಸೌಂಡ್ ಕೆಡಸ್ತೈತಿ ಅಂತ ಯಾರ ತಲಿಗೆ ಬರ್ತೈತ್ರಿ? ಅದೂ ಅಲ್ದ ಲ್ಯಾನ್ ಅಂದ್ರ ಡಿಜಿಟಲ್, ಅದರಾಗ ಗುಂಯ್ ಹೆಂಗ ಬರಬೇಕು, ಇದು ಆಂಪ್ಲಿಫೈಯರ್ದ ರೋಗ ಅಂತ ನಾನ ತೀರ್ಪು ಕೊಟ್ಟೆ. 14 ಕೇಜಿ ಆಂಪ್ಲಿಫೈಯರ್ ತೊಡಿ ಮ್ಯಾಲೆ ಇಟ್ಕೊಂಡು ಚಿಗರಿ ಬಸ್ಸಿನ್ಯಾಗ ಹುಬ್ಬಳ್ಳಿಗೆ ಹೋದೆ. ರಿಪೇರಿ ಅಂಗಡಿಯಾಂವ ಅರ್ಧಾ ತಾಸು ಚಾಲೂ ಇಟ್ಟು, ಸ್ಪೀಕರಿಗೆ ಕಿವಿ ಹಚ್ಚಿ, "ಏನೂ ಇಲ್ಲಲ್ರಿ ಸರ, ಸುಮ್ಮನೈತಿ" ಅಂದ. ಅಂವ ಖರೇ ಹೇಳಿದ್ದ! ಅವನ ಟೇಬಲ್ ಮ್ಯಾಲೆ ಅದಕ್ಕ ಯಾವ ಇನ್‌ಪುಟ್ ವೈರೂ ಹಚ್ಚಿರಲಿಲ್ಲ. ಅಲ್ಲೇ ನನಗ ತಿಳೀಬೇಕಿತ್ತು, ತಿಳೀಲಿಲ್ಲ, ಅಂವಗ ಕೆಲಸ ಬರಂಗಿಲ್ಲ ಅಂತ ಮನಸ್ಸಿನ್ಯಾಗ ಬೈಕೊಂಡು ವಾಪಸ್ ಬಂದೆ.

ಮನ್ಯಾಗ ಹಚ್ಚಿದೆ, ಮತ್ತ ಗುಂಯ್. ಆನ್‌ಲೈನ್ ಒಬ್ಬ ಮಹಾಶಯ ಮೂರು ಪಿನ್ನಿನ ಪ್ಲಗ್ಗಿಗೆ ಎರಡು ಪಿನ್ನಿನ ಅಡಾಪ್ಟರ್ ಹಾಕಿ ಅರ್ಥ್ ತಪ್ಪಸ್ರಿ ಅಂದ. ಹಾಕಿದೆ. ಗುಂಯ್ ಗಪ್! ನಾ ಕುಣಿಯೋದೊಂದು ಬಾಕಿ. ಎರಡನೇ ದಿನ ಅವ್ವ ಫರಸಿ ಒರಸ್ಯಾಳ, ನೆಲ ಇನ್ನೂ ಹಸೀ ಐತಿ, ಬರಿಗಾಲಾಗ ಹೋಗಿ ವಾಲ್ಯೂಮ್ ಗುಂಡಿ ಮುಟ್ಟಿದೆ, ಮೊಣಕೈತನಾ ಝುಂ ಅಂತು. ಇದನ್ನ ಯಾರೂ ಮಾಡಬ್ಯಾಡ್ರಿ. ಅರ್ಥ್ ಪಿನ್ ಇರೂದು ಸೌಂಡ್ ಸಲುವಾಗಿ ಅಲ್ಲ, ನಿಮ್ಮ ಜೀವದ ಸಲುವಾಗಿ.

ಆಮ್ಯಾಲೆ ಆ ಆಂಪ್ಲಿಫೈಯರ್ ನೋಡಿದ್ರ ಸಿಟ್ಟು ಬರಾಕ ಹತ್ತಿತು. 28,000 ಕೊಟ್ಟು ತಗೊಂಡಿದ್ದನ್ನ ಗದಗಿನವ್ರೊಬ್ಬರಿಗೆ 11,000ಕ್ಕ ಕೊಟ್ಟೆ, ಮ್ಯಾಲೆ ಮತ್ತ ರೊಕ್ಕ ಹಾಕಿ ಹೊಸಾದು ತಂದೆ, ಸಂಜಿಕೆ ಹಚ್ಚಿ ದೇವರಿಗೆ ಕೈಮುಗದು ಸ್ವಿಚ್ ಒತ್ತಿದೆ. ಗುಂಯ್. ಗದಗಿಗೆ ಫೋನ್ ಹಚ್ಚಿ, "ಗುಂಯ್ ಅಂತೈತೇನ್ರಿ?" ಅಂತ ಕೇಳಿದ್ರ, "ಏನ್ ಗುಂಯ್? ಹಾಡು ನಿಂದ್ರಿಸಿದ್ರ ಚಾಲೂ ಐತೋ ಇಲ್ಲೋ ತಿಳಿಯಂಗಿಲ್ಲ ಅಷ್ಟ ಶಾಂತ ಐತಿ" ಅಂದ್ರು.

ಇದನ್ನ ಕಡೀಕ ಬಿಡಿಸಿದಾಕಿ ನಮ್ಮವ್ವ. ಒಂದು ಆಯಿತವಾರ ಮುಂಜಾನೆ ಕಸಾ ಹೊಡೀವಾಗ ಕಸಬರಗಿ ಲ್ಯಾನ್ ಕೇಬಲ್ಲಿಗೆ ಸಿಕ್ಕತು. ಅದರ ಲಾಕ್ ನಾನ ಜಗ್ಗಿ ಮುರದಿದ್ದೆ, ಪುಸಕ್ ಅಂತ ಕಿತ್ತು ಬಂತು. ಆಗ ಎರಡು ಚಮತ್ಕಾರ ಒಮ್ಮೆಲೆ ಆದ್ವು: ಗುಂಯ್ ನಿಂತಿತು, ಹಾಡು ನಿಲ್ಲಲಿಲ್ಲ. ಕೇಬಲ್ ನೆಲದ ಮ್ಯಾಲೆ ಬಿದ್ದೈತಿ, ತಾನ್ ನಡದ ಐತಿ, ಹತ್ತು ಹನ್ನೆರಡು ಸೆಕೆಂಡ್ ಆದಮ್ಯಾಲೆ ಗಪ್ ಆತು. ನಾ ಕೈಯಾಗಿನ ಚಹಾ ಕಪ್ ಕೆಳಗಿಟ್ಟು, "ಅವ್ವಾ, ಅಲ್ಲೇ ನಿಂದ್ರು, ಏನೂ ಮುಟ್ಟಬ್ಯಾಡ" ಅಂದೆ. ಆಕಿ ಬೈತೀನೋ ಏನೋ ಅನ್ಕೊಂಡ್ಲು.

ಹಾಡು ಯಾಕ ನಡೀತು ಅಂದ್ರ ಸ್ಟ್ರೀಮರ್ ಮುಂದಿನ ಒಂದಿಷ್ಟು ಸೆಕೆಂಡಿನ ಡೇಟಾ ಮೊದಲ ತಂದು ತನ್ನ ಮೆಮೊರ್ಯಾಗ ಇಟ್ಕೊಂಡಿರ್ತೈತಿ. ದಾರ್ಯಾಗ ಒಂದು ಪ್ಯಾಕೆಟ್ (ಡೇಟಾದ ತುಣುಕು) ಕಳದ್ರ ಮತ್ತೊಮ್ಮೆ ಕೇಳಿ ತರಿಸ್ಕೋತೈತಿ. ಕೇಬಲ್ ನೀವು ಬೆಳ್ಳಿದ ಹಾಕ್ರಿ, ಬಂಗಾರದ್ದ ಹಾಕ್ರಿ, ಮೆಮೊರ್ಯಾಗ ಬಂದು ಕುಂತ ಡೇಟಾ ಅದ. ಸೀಡಿ ಕ್ವಾಲಿಟಿ ಅಂದ್ರ ಸೆಕೆಂಡಿಗೆ 1,411 ಕಿಲೋಬಿಟ್, 24 ಬಿಟ್ 192 ಕಿಲೋಹರ್ಟ್ಸ್ ಫೈಲ್ ಸುದ್ದಾ ಸುಮಾರು 9.2 ಮೆಗಾಬಿಟ್, ಸಾದಾ ಕ್ಯಾಟ್ 5ಇ ಕೇಬಲ್ 100 ಮೀಟರ್‌ತನಾ 1,000 ಮೆಗಾಬಿಟ್ ಒಯ್ತೈತಿ. ಕ್ಯಾಟ್ 8 ಮಾಡಿದ್ದು ಡೇಟಾ ಸೆಂಟರಿನ ಸಲುವಾಗಿ, ಮಾಳಮಡ್ಡಿ ಸಲುವಾಗಿ ಅಲ್ಲ.

ಗುಂಯ್ ಹೆಂಗ ಬಂತು? ಲ್ಯಾನ್ ಪೋರ್ಟಿನ ಒಳಗ ಸಣ್ಣ ಟ್ರಾನ್ಸ್‌ಫಾರ್ಮರ್ ಇರ್ತಾವ, ಹಿಂಗಾಗಿ ಡೇಟಾದ ವೈರಿನಿಂದ ಈ ಕಡೆ ಆ ಕಡೆ ನೇರ ಕರೆಂಟಿನ ಸಂಬಂಧ ಇರೂದಿಲ್ಲ. ಸಾದಾ ಕೇಬಲ್ಲಿಗೆ ಪ್ಲಾಸ್ಟಿಕ್ ತಲಿ, ಶೀಲ್ಡ್ ಇಲ್ಲ, ಕಥಿ ಮುಗೀತು. ನಾ ತಂದಿದ್ದಕ್ಕ ಲೋಹದ ತಲಿ, ಮೈತುಂಬ ಶೀಲ್ಡ್, ನಡಕ ಸ್ವಿಚ್ಚೂ ಲೋಹದ್ದು. ಕೆಳಗಿನ ಕಂಪ್ಯೂಟರ್ ಕೆಳಗಿನ ಗುಂಡಿಗೆ ಅರ್ಥ್, ಮ್ಯಾಲಿನ ಆಂಪ್ಲಿಫೈಯರ್ ಮ್ಯಾಲಿನ ಗುಂಡಿಗೆ ಅರ್ಥ್, ಎರಡೂ ಗುಂಡಿ ನಡಕ ಸಣ್ಣದೊಂದು ವೋಲ್ಟೇಜ್ ಫರಕ್. ಆ ಎರಡೂ ಗುಂಡಿಗೆ ಸೇತುವೆ ಕಟ್ಟಿದಾಂವ ನಾ. ಶೀಲ್ಡ್ ಹಿಡಕೊಂಡು ಸ್ಟ್ರೀಮರಿಗೆ, ಅಲ್ಲಿಂದ ಕೆಂಪು-ಬಿಳಿ ಆಡಿಯೋ ವೈರಿನ ಹೊರಗಿನ ಜಾಳಿಗಿ ಹಿಡಕೊಂಡು ಆಂಪ್ಲಿಫೈಯರಿಗೆ 50 ಹರ್ಟ್ಸ್ ಕರೆಂಟ್ ಹರೀತಿತ್ತು. ಗ್ರೌಂಡ್ ಲೂಪ್ ಅಂತಾರ ಇದಕ್ಕ. ಅಡಾಪ್ಟರ್ ಹಾಕಿದಾಗ ಆಂಪ್ಲಿಫೈಯರಿನ ಅರ್ಥ್ ಕಡೀತು, ಗುಂಯ್ ಗಪ್ ಆಗಿದ್ದೂ ಅದಕ್ಕ, ನನಗ ಝುಂ ಅಂದಿದ್ದೂ ಅದಕ್ಕ.

180 ರೂಪಾಯಿದೊಂದು ಸಾದಾ ಕೇಬಲ್ ತಂದು ಹಾಕಿದೆ, ಇವತ್ತಿನತನಾ ಗುಂಯ್ ಇಲ್ಲ. ಒಂದೊಂದ ವೈರ್ ಕಿತ್ತು ನೋಡಿದ್ರ ಐದು ಮಿನಿಟಿನ ಕೆಲಸ ಇತ್ತು. ಆಂಪ್ಲಿಫೈಯರಿಗೆ ಹಚ್ಚಿದ ಎಲ್ಲಾ ಇನ್‌ಪುಟ್ ವೈರ್ ತೆಗದಮ್ಯಾಲೂ ಗುಂಯ್ ಅಂದ್ರ ಅದರ ರೋಗ, ತೆಗದಕೂಡ್ಲೆ ಗಪ್ ಆದ್ರ ಹಚ್ಚಿದವರ ರೋಗ. ಇಷ್ಟ ಮಾಡಲಾರದ್ದಕ್ಕ 17,000 ಹೋತು, ಹೊಸಾ ಆಂಪ್ಲಿಫೈಯರಿನ ರೊಕ್ಕ ಇದರಾಗ ಹಿಡದಿಲ್ಲ.

ಈಗ ನಿಮ್ಮ ಮಾತಿಗೆ ಬರೂಣು. ವೈಫೈ ನಿಂತು ನಿಂತು ಬರ್ತಿದ್ರ ಅಷ್ಟ ಲ್ಯಾನ್ ಹಾಕ್ರಿ, ಅದೂ ಸಾದಾದ್ದು. ನೀವು ಬರದಿದ್ದರಾಗ ನನಗ ಖರೇ ತಪ್ಪು ಕಂಡಿದ್ದು ಬ್ಯಾರೆನ ಐತಿ: ಸ್ಟ್ರೀಮರ್ ಇಟ್ಕೊಂಡು ಫೋನಿನಿಂದ ಬ್ಲೂಟೂತ್ ಮ್ಯಾಲೆ ಯಾಕ ಕಳಸ್ತೀರಿ? ಎಸ್‌ಬಿಸಿ ಅಂದ್ರ ಬ್ಲೂಟೂತಿನ್ಯಾಗ ಹಾಡು ಹಿಂಡಿ ಕಳಸೋ ಸಾದಾ ಪದ್ಧತಿ, ಅದು ಛಲೋ ಸೆಟ್ಟಿಂಗಿನ್ಯಾಗೂ ಸೆಕೆಂಡಿಗೆ 328 ಕಿಲೋಬಿಟ್ ಆಸುಪಾಸ, ಅಂದ್ರ ಹಾಡು ಮತ್ತೊಮ್ಮೆ ಹಿಂಡಿಸ್ಕೊಂಡು ಹೊಕ್ಕೈತಿ. ಎಲ್‌ಡ್ಯಾಕ್ ಅನ್ನೋ ಇನ್ನೊಂದು ಪದ್ಧತಿ 990ತನಾ ಹೊಕ್ಕೈತಿ ಖರೆ, ಆದ್ರ ಸಿಗ್ನಲ್ ಕಡಿಮಿ ಆದ್ರ 330ಕ್ಕ ಇಳೀತೈತಿ, ಐಫೋನಿನ್ಯಾಗ ಅದು ಇಲ್ಲೇ ಇಲ್ಲ. ವೈಫೈ ಮ್ಯಾಲೆ ಕಾಸ್ಟ್ ಮಾಡಿದ್ರ ಫೋನ್ ಬರೇ ರಿಮೋಟ್ ಇದ್ದಂಗ, ಹಾಡು ಸ್ಟ್ರೀಮರ್ ತಾನ ತರಿಸ್ಕೋತೈತಿ, ನಡಕ ಯಾರದರ ಫೋನ್ ಬಂದ್ರೂ ಗಂಗೂಬಾಯಿ ಹಾನಗಲ್ ಅವ್ರು ಅರ್ಧಕ್ಕ ನಿಲ್ಲೂದಿಲ್ಲ. ನನ್ನ ಕಿವಿಗೆ ಬ್ಲೂಟೂತಿನ ಫರಕ್ ತಿಳಿಯೂದು ಹೊಸಾ ರೆಕಾರ್ಡಿಂಗಿನ ತಂಬೂರಿ ಜವಾರಿಯೊಳಗ, ಅಂದ್ರ ತಂತಿ ಝೇಂಕಾರದೊಳಗ. ಹಳೇ 78 ಆರ್‌ಪಿಎಂ ಗ್ರಾಮೋಫೋನ್ ತಟ್ಟಿಯಿಂದ ತೆಗದದ್ದಿದ್ರ ತಟ್ಟಿದ್ದ ಕರಕರ ಅಷ್ಟಿರ್ತೈತಿ, ಬ್ಲೂಟೂತ್ ಪಾಪ ಏನ್ ಕೆಡಸೀತು.

ನಿಮಗೂ ಗುಂಯ್ ಐತಿ ಅಂತಾದ್ರ, ಸ್ಟ್ರೀಮರಿನಿಂದ ಆಂಪ್ಲಿಫೈಯರಿಗೆ ಆಪ್ಟಿಕಲ್ ಪೋರ್ಟ್ ಎರಡೂ ಕಡೆ ಐತೇನು ನೋಡ್ರಿ. ಅದರಾಗ ಹೋಗೂದು ಬೆಳಕು, ಅದಕ್ಕ ಅರ್ಥಿಂಗ್ ಗುಂಡಿ ಗೊತ್ತಿಲ್ಲ.

ಹೋದ ತಿಂಗಳ ಗದಗಿನವ್ರಿಗೆ ಮತ್ತ ಫೋನ್ ಮಾಡಿದ್ದೆ, ಹಳೇ ಆಂಪ್ಲಿಫೈಯರ್ ವಾಪಸ್ ಕೊಡ್ತೀರೇನು ಅಂತ. 20,000 ಕೊಟ್ರ ಕೊಡ್ತೀನಿ ಅಂದ್ರು. ಇನ್ನೂ ಚೌಕಾಶಿ ನಡದೈತಿ.